ಆರು ಸೀಟಿನ ಪೊರ್ಬುಗಳು

ಬಿಜೈಯ ಲಾರೆನ್ಸ್ ಪೊರ್ಬುಗಳ ಮನೆಗೆ ಹೋದವರು ಚಪ್ಪಲಿ ಕಳಚಿದ ಕೂಡಲೇ ತೂಕದ ಯಂತ್ರ ಹತ್ತಬೇಕಿತ್ತು. ಅದನ್ನು ಬಾಗಿಲ ಬುಡದಲ್ಲೇ ಇಟ್ಟಿದ್ದರು. "ಚೀಲ ಕೆಳಗೆ ಇಡ್ಬೇಡಿ ಶೆಟ್ರೆ, ಚೀಲ ಸಮೇತ ನಿಲ್ಲಿ. ಸಣ್ಣ ವಿಮಾನದಲ್ಲಿ ಮುಖ ನೋಡಿ ಸೀಟು ಕೊಡುದಿಲ್ಲ, ತೂಕ ನೋಡಿ ಕೊಡುದು." ಬಂಗುಡೆ ಕೊಡಲು ಹೋದ ನಾನು ಮೀನು ಸಮೇತ ಹತ್ತಿದ್ದುಂಟು. ಪೊರ್ಬುಗಳೇ ಹತ್ತಿದರೋ, ಮುಳ್ಳು ಕೊನೆ ಮುಟ್ಟುತ್ತಿತ್ತು.

ಪೊರ್ಬುಗಳು ಎಂದರೆ ನಾವು ತುಳುವರು ಕ್ರೈಸ್ತ ಹಿರಿಯರನ್ನು ಕರೆಯುವ ರೀತಿ. ಗಲ್ಫಿನಲ್ಲಿ ಸಾಹುಕಾರರ ಖಾಸಗಿ ವಿಮಾನ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವರು ಅವರು. ಬಿಚ್ಚಿ ಜೋಡಿಸುವುದು ಇವರು, ಹಾರುವುದು ಬೇರೆಯವರು. ಸಣ್ಣ ವಿಮಾನದಲ್ಲಿ ತಾನೂ ಒಮ್ಮೆ ಹಾರಬೇಕೆಂಬ ಆಸೆ ಹಾಗೆಯೇ ಉಳಿದಿತ್ತು.

"ಇನ್ನು ಸಣ್ಣದರ ಕಾಲ ಶೆಟ್ರೆ. ನಾಲ್ಕೈದು ಜನ ಸೇರಿದ್ರೆ ಆಯ್ತು, ನಮ್ಮ ಬಜಪೆ ಏರ್‌ಪೋರ್ಟಿಂದ ಎಲ್ಲಿಗೆ ಬೇಕಾದ್ರೂ ಹೊರಡ್ಬಹುದು."

ನಾನು ಕಂಕನಾಡಿಯಲ್ಲಿ ಹೋಟೆಲು ನಡೆಸುವವನು. ಖಾಲಿ ಕುರ್ಚಿಯ ಕಷ್ಟ ಬಲ್ಲೆ. "ಎಣ್ಣೆ ಖರ್ಚಾದರೂ ಹುಟ್ಟಬೇಕಲ್ಲ ಪೊರ್ಬುಗಳೇ?" ಎಂದೆ.

"ಎಂತ ಮಾತು ಮಾರಾಯ್ರೆ! ಸಿಟಿ ಬಸ್ಸು ಉಂಟೂಂತ ರಿಕ್ಷಾ ನಿಂತಿದೆಯಾ? ಡಾಕ್ಟ್ರಿಗೆ, ಪೇಷಂಟಿಗೆ, ನಿಮ್ಮಂಥವರಿಗೆ ಎಲ್ಲ ಬೇಕಾಗ್ತದೆ, ನೋಡ್ತಾ ಇರಿ."

ಒಳಗಿನಿಂದ ಅವರ ಹೆಂಡತಿ ಸೆಲಿನ್ ಬಾಯಿಯ ಸ್ವರ: "ಮೊದಲು ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ ನೋಡಿ, ಮತ್ತೆ ವಿಮಾನ!"

ಕಡೆಗೂ ಒಂದು ಹೊಸ ಕಂಪೆನಿ ಬಜಪೆಗೆ ಸಣ್ಣ ವಿಮಾನ ತಂದು, ಒಂದು ಸುತ್ತು ಹಾರಿಸಿ ತೋರಿಸಲು ನನ್ನಂಥ ವ್ಯಾಪಾರಿಗಳನ್ನು ಕರೆಯಿತು. ಆರು ಜನರಿಗೆ ಜಾಗ. ಹೇಗೋ ಹೇಳಿಸಿ ಪೊರ್ಬುಗಳನ್ನೂ ಸೇರಿಸಿದೆ. ಮದುವೆಗೆ ಹೊರಟವರ ಹಾಗೆ ಕೋಟು ಹಾಕಿ ಬಂದರು. ನಮ್ಮನ್ನೆಲ್ಲ ತೂಗಿದ ಪೈಲಟ್, "ಭಾರ ಹೆಚ್ಚಾಯ್ತು, ಒಬ್ಬರು ನಿಲ್ಲಬೇಕು" ಎಂದ. ಎಲ್ಲರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು. ಪೊರ್ಬುಗಳು ಮಾತ್ರ ಸಾಲಿನಿಂದ ಆಚೆ ಸರಿದರು. ನನಗೆ ನಾಚಿಕೆಯಾಗಿ, "ನಾನು ನಿಲ್ತೇನೆ" ಎಂದೆ.

"ನೀವು ನಿಂತ್ರೆ ಸಾಲ್ದು ಶೆಟ್ರೆ. ನಿಮ್ಮ ತೂಕ ನಂಗೆ ಗೊತ್ತುಂಟು. ಹೋಗಿ, ಬೇಜಾರು ಬೇಡ."

ಸಮುದ್ರ, ನದಿ, ಹಂಚಿನ ಮಾಡು, ಎಲ್ಲ ನೋಡಿ ಇಳಿದೆ. ಬಿಸಿಲಲ್ಲೇ ನಿಂತಿದ್ದ ಅವರು, "ವಿಮಾನ ಏಳುವಾಗ ಬೆನ್ನಿಗೆ ಹೇಗಾಗ್ತದೆ?" ಎಂದು ಕೇಳಿದರು.

ಮರುವರ್ಷ ಅವರಿಗೆ ಕಾಯಿಲೆ ಹಿಡಿಯಿತು. ಆಸ್ಪತ್ರೆಯವರು ಇನ್ನೇನೂ ಮಾಡಲಿಕ್ಕಿಲ್ಲ ಎಂದು ಮನೆಗೆ ಕಳಿಸಿದರು. ನಾನು ಕೊನೆಯ ಸಲ ಹೋದಾಗ ಗೋಡೆ ಹಿಡಿದು ಬಾಗಿಲಿಗೆ ಬಂದರು. ಅಭ್ಯಾಸಬಲದಿಂದ ಯಂತ್ರದ ಮೇಲೆ ಕಾಲಿಟ್ಟೆ.

"ನೀವಲ್ಲ, ಇವತ್ತು ನಾನು" ಎಂದು ನನ್ನ ಭುಜ ಹಿಡಿದು ಹತ್ತಿ, ಮೆಲ್ಲಗೆ ಕೈ ಬಿಟ್ಟರು. ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಅದನ್ನೇ ನೋಡಿ ಅವರ ಮುಖ ಅರಳಿತು.

"ನೋಡಿ ಶೆಟ್ರೆ, ಈಗ ಯಾರೂ ಇಳೀಬೇಕಾಗಿಲ್ಲ, ಆರು ಜನವೂ ಆರಾಮಲ್ಲಿ ಹೋಗ್ಬಹುದು. ಆ ಕಂಪೆನಿಯವರಿಗೊಂದು ಫೋನ್ ಮಾಡಿ."

"ಈಗಲೇ ಮಾಡ್ತೇನೆ" ಎಂದೆ. ಆ ಕಂಪೆನಿ ಮುಚ್ಚಿದ ಸುದ್ದಿಯನ್ನು ನನಗೆ ಮೊದಲು ತಿಳಿಸಿದವರು ಪೊರ್ಬುಗಳೇ.