ಪದಕದ ಅಂಚಿನಲ್ಲಿ ಅಜ್ಜನ ಹೆಸರು

ಪದಕಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ನನ್ನನ್ನು ನೋಡಿ, ಮನೆಯವರೆಲ್ಲ ಆಯಿ ಎಂದು ಕರೆಯುವ ನನ್ನ ಗಂಡನ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. ಮಸೂತಿ ಊರಿಗೆ ಸೊಸೆಯಾಗಿ ಬಂದು ಎಂಟು ದಿನವಾಗಿತ್ತು. ಹಬ್ಬಕ್ಕೆಂದು ದೇವರಮನೆಯ ಜಗಲಿಯ ಮೇಲಿನ ದೇವರನ್ನೆಲ್ಲ ತೊಳೆಯುವಾಗ, ಅಲ್ಲೇ ಇದ್ದ ಅವನ್ನೂ ದೇವರ ಸಾಮಾನೆಂದು ನೀರಿಗೆ ಹಾಕಿದ್ದೆ. ರಿಬ್ಬನ್ನುಗಳು ಬಣ್ಣ ಬಿಟ್ಟಿದ್ದವು. ನೌಕಾಪಡೆಯಲ್ಲಿದ್ದು, ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿದ ಅಜ್ಜನ ಪದಕಗಳು ಅವು ಎಂದು ಅವರು ಹೇಳಿದಾಗಲೇ ನನಗೆ ಗೊತ್ತಾದದ್ದು.

ಹೆದರಿ ಒರೆಸತೊಡಗಿದೆ. ಒಂದು ಪದಕದ ಅಂಚಿನ ಕಪ್ಪು ಹೋಗಿ ಇಂಗ್ಲಿಷ್ ಅಕ್ಷರಗಳು ಕಂಡವು. "ಆಯಿ, ಇಲ್ಲಿ ಅಜ್ಜಾರ ಹೆಸರು ಐತ್ರಿ," ಎಂದು ಗಟ್ಟಿಯಾಗಿ ಓದಿದೆ.

ಆಯಿಗೆ ಓದು ಬಾರದು. ಗಂಡನ ಹೆಸರನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಪಕ್ಕದಲ್ಲಿ ಕುಳಿತು ಅಂಚಿನ ಮೇಲೆ ಬೆರಳಾಡಿಸುತ್ತ, "ಇಷ್ಟ್ ವರ್ಷ ಇಲ್ಲೇ ಇತ್ತೇನವಾ? ಇನ್ನೊಮ್ಮೆ ಓದು," ಎಂದರು.

ರಿಬ್ಬನ್ನು ಹೊಸದು ತರಿಸಿದೆವು. ಆಯಿ ಈಗ ದಿನಾ ಮಧ್ಯಾಹ್ನ ನನ್ನ ಹತ್ತಿರ ಅಕ್ಷರ ಕಲಿಯುತ್ತಾರೆ. ನೋಟ್‌ಬುಕ್ಕಿನ ತುಂಬ ಅದೊಂದೇ ಹೆಸರು. ಕೇಳಿದರೆ, "ಬಾಯಿಲೆ ಹೇಳಬಾರ್ದು ಅಂದಾರ. ಬರೀಬಾರ್ದು ಅಂತ ಯಾರ್ ಅಂದಾರ?" ಎನ್ನುತ್ತಾರೆ.