ಒಲೆಗೆ ಹೋಗುವ ಬುಟ್ಟಿ

ಕಾಯಿ ತುರಿದ ಮೇಲೆ ಕೈಯಲ್ಲಿ ಉಳಿಯುವ ಗೆರಟೆಯನ್ನು ನೀವೇನು ಮಾಡುತ್ತೀರೋ ಗೊತ್ತಿಲ್ಲ, ನಾನು ಒಮ್ಮೆ ಮೂಸಿ ನೋಡಿ ಬಾಲ್ಕನಿಯಲ್ಲಿ ಒಣಗಲು ಹಾಕುತ್ತೇನೆ. ಬ್ರಹ್ಮಾವರದ ಎರಡನೇ ಮಹಡಿಯ ಈ ಬಾಡಿಗೆ ಮನೆಯಲ್ಲಿ ಕಟ್ಟಿಗೆ ಒಲೆಯೂ ಇಲ್ಲ, ಬಚ್ಚಲ ಹಂಡೆಯೂ ಇಲ್ಲ. ಆದರೂ ಗೆರಟೆಯ ರಾಶಿ ಮಾತ್ರ ದಿನೇ ದಿನೇ ಬೆಳೆಯುತ್ತಿದೆ. ನಮ್ಮ ಮನೆಯವರು ಅದನ್ನು ನೋಡಿದಾಗಲೆಲ್ಲ ಒಂದು ನಿಟ್ಟುಸಿರು ಬಿಟ್ಟು ಪೇಪರ್ ಹಿಡಿದುಕೊಳ್ಳುತ್ತಾರೆ. ಇವತ್ತು ಬೆಳಿಗ್ಗೆಯೂ ಬಿಟ್ಟರು.

ಇದೆಲ್ಲ ಗಿರಿಜಕ್ಕನಿಂದ ಅಂಟಿದ ಚಾಳಿ.

ಬೈಂದೂರಿನ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದಾಗ ನಾವು ಬಿಜೂರಿನಲ್ಲಿದ್ದೆವು. ಬಸ್ಸಿಳಿಯುವಲ್ಲೇ ಗಿರಿಜಕ್ಕನ ಅಂಗಡಿ. ಎರಡು ಬೆಂಚು, ಒಂದು ಗಾಜಿನ ಕಪಾಟು, ಅದರೊಳಗೆ ಮೈದಾ ಕಲಸಿ ಉಂಡೆಯಾಗಿ ಕರಿದ ಬಿಸಿ ಗೋಳಿಬಜೆ. ಗೋಳಿಬಜೆ ತಿನ್ನುವುದಕ್ಕೂ ಒಂದು ಕ್ರಮವಿದೆ: ಮೊದಲನೆಯದು ಹಸಿವಿಗೆ, ಎರಡನೆಯದು ರುಚಿಗೆ, ಮೂರನೆಯದು ಬಸ್ಸು ಇನ್ನೂ ಬರಲಿಲ್ಲವೆಂಬ ಕಾರಣಕ್ಕೆ. ನನ್ನ ಬಸ್ಸಂತೂ ಯಾವತ್ತೂ ಬೇಗ ಬಂದದ್ದಿಲ್ಲ.

ಒಂದು ಸಂಜೆ ಗಿರಿಜಕ್ಕ ಬಾಣಲೆಯಿಂದ ಕಣ್ಣೆತ್ತದೆ ಹೇಳಿದಳು, "ಈ ಸಿಲಿಂಡರ್ ಮುಗ್ದ್ರೆ ಬಾಗ್ಲ್ ಹಾಕ್ತೆ ಟೀಚರೇ. ಇನ್ನೊಂದ್ ತಕಂಬುಕೆ ಆತ್ತಿಲ್ಲೆ."

ಗ್ಯಾಸು, ಎಣ್ಣೆ, ಮೈದಾ ಎಲ್ಲದರ ಬೆಲೆಯೂ ಒಂದರ ಬೆನ್ನಿಗೆ ಒಂದು ಏರಿದ ದಿನಗಳವು. ನನ್ನೊಳಗಿನ ಅರ್ಥಶಾಸ್ತ್ರ ತಕ್ಷಣ ಎದ್ದು ನಿಂತಿತು. ಹಾಗಾದರೆ ಬಜೆಯ ಬೆಲೆ ಏರಿಸು ಎಂದೆ.

"ಏರ್ಸಿರೆ ನಾಲ್ಕ್ ತಿಂಬವ್ರ್ ಎರ್ಡ್ ತಿಂತ್ರ್. ಎಣ್ಣಿ ಕಾಯ್ಸೂದ್ ಮಾತ್ರ ಅಷ್ಟೇ ಅಲ್ದಾ?"

ಇದೇ ಮಾತನ್ನು ತರಗತಿಯಲ್ಲಿ ಹೇಳಲು ನನಗೆ ಬೋರ್ಡು, ಸೀಮೆಸುಣ್ಣ ಮತ್ತು ಮುಕ್ಕಾಲು ಗಂಟೆ ಬೇಕಿತ್ತು.

ಅಂಗಡಿಯ ಹಿಂದೆ ಹಳೆಯ ಮಣ್ಣಿನ ಒಲೆಯೊಂದಿತ್ತು. ಕಟ್ಟಿಗೆ ಕೊಳ್ಳುವುದೂ ಆಕೆಯ ಕೈಮೀರಿದ್ದು ನಿಜ, ಆದರೆ ಬಿಜೂರಿನ ಯಾವ ಹಿತ್ತಲಲ್ಲಿ ಗೆರಟೆ ಬಿದ್ದುಕೊಂಡಿಲ್ಲ ಹೇಳಿ! ಬಸ್ಸಿನಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ, ಕಂಡಕಂಡವರಿಗೆಲ್ಲ ಹೇಳಿದೆ. ಜನ ಒಳ್ಳೆಯವರು. ಸಿಮೆಂಟಿನ ಚೀಲ, ಬಕೆಟ್ಟು, ಹಳೇ ದಿಂಬಿನ ಕವರು, ಸಿಕ್ಕಿದ್ದರಲ್ಲಿ ತುಂಬಿಸಿ ತಂದು ಸುರಿದರು. ಒಲೆ ಹತ್ತಿತು. ನಾನು ಒಂದು ವಾರ ದೊಡ್ಡ ಸಾಧನೆ ಮಾಡಿದವಳಂತೆ ತಿರುಗಾಡಿದೆ.

ಆದರೆ ನಮ್ಮೂರ ಕಡೆಯ ಒಂದು ಕ್ರಮವನ್ನು ನಾನು ಮರೆತಿದ್ದೆ. ಯಾರಾದರೂ ಏನಾದರೂ ತುಂಬಿ ಕೊಟ್ಟ ಪಾತ್ರೆಯನ್ನು ನಾವು ಖಾಲಿ ತಿರುಗಿ ಕೊಡುವುದಿಲ್ಲ. ಒಂದು ಹಿಡಿ ಬಸಳೆ, ನಾಲ್ಕು ಮೆಣಸು, ಏನೂ ಇಲ್ಲದಿದ್ದರೆ ಚೂರು ಬೆಲ್ಲ, ಏನಾದರೊಂದು ಒಳಗಿರಬೇಕು. ಗಿರಿಜಕ್ಕನ ಬಳಿ ಇದ್ದದ್ದು ಗೋಳಿಬಜೆ. ಗೆರಟೆ ತಂದ ಒಂದೊಂದು ಚೀಲದಲ್ಲೂ ನಾಲ್ಕೈದು ಬಜೆ ಕಾಗದದಲ್ಲಿ ಸುತ್ತಿಕೊಂಡು ಹಿಂದೆ ಹೋಗುತ್ತಿತ್ತು. ನಮ್ಮ ಮನೆಗೂ ಬಂತು. ತಿಂದೆವು, ಸುಳ್ಳೇಕೆ ಹೇಳಲಿ. ಎರಡನೇ ವಾರ ನೋಡಿದರೆ ಮೈದಾ ಡಬ್ಬ ತಳ ಕಂಡಿತ್ತು. ಗ್ಯಾಸಿನಲ್ಲಿ ಉಳಿದದ್ದಕ್ಕಿಂತ ಹೆಚ್ಚು ನಮ್ಮ ಉಪಕಾರದಲ್ಲಿ ಕರಗಿಹೋಗಿತ್ತು.

ಇನ್ನು ಹೀಗೆ ಕೊಡಬೇಡ ಮಾರಾಯ್ತಿ ಎಂದೆ. ಆಕೆಯ ಮುಖ ಕೆಂಪಾಯಿತು.

"ಖಾಲಿ ಚೀಲ ಕೊಟ್ ಕಳ್ಸುವಷ್ಟ್ ದರಿದ್ರ ನಂಗಿನ್ನೂ ಬರ್ಲಿಲ್ಲೆ. ಬೇಕಾರೆ ಅಂಗ್ಡಿ ಮುಚ್ತೆ."

ನನಗೆ ನಾಚಿಕೆಯಾಯಿತು. ಅಂಗಡಿ ಉಳಿಸಲು ಹೋದವಳು ನಾನೇ ಅದನ್ನು ಮುಚ್ಚಿಸುವ ಹಾಗಾಯಿತಲ್ಲ!

ಬೆಂಚಿನ ಆ ತುದಿಯಲ್ಲಿ ಮೀನು ಮಾರಿ ಬಂದ ಸೀತು ಚಾ ಕುಡಿಯುತ್ತಿದ್ದಳು. ಗೆರಟೆ ತರುವವರ ಪೈಕಿ ಅವಳೂ ಒಬ್ಬಳು. ನಮ್ಮಿಬ್ಬರ ಜಗಳ ಕೇಳುತ್ತಲೇ ಎದ್ದು ಹೋಗಿ, ಅಂಗಡಿಯ ಪಕ್ಕ ಬಿದ್ದಿದ್ದ ತೆಂಗಿನ ಮಡಲೊಂದನ್ನು ಎಳೆದು ತಂದಳು. ಮಾತಾಡುತ್ತ ಮಾತಾಡುತ್ತಲೇ ಅದರ ಗರಿ ಹೆಣೆದು ಬುಟ್ಟಿ ಮಾಡಿ, ತಾನು ತಂದಿದ್ದ ಗೆರಟೆಯನ್ನು ಅದಕ್ಕೆ ಸುರಿದು, ತನ್ನ ಚೀಲ ಕೊಡವಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಹ್ವಾಯ್ ಗಿರ್ಜಕ್ಕ, ಬುಟ್ಟಿನೂ ಸೇರ್ಸಿ ಒಲಿಗ್ ಹಾಕ್. ಇನ್ನ್ ಎಂತದ್ ತಿರ್ಗ್ ಕೊಡ್ತೆ, ಕಾಂಬ!"

ಗಿರಿಜಕ್ಕ ಬುಟ್ಟಿಯನ್ನೊಮ್ಮೆ, ಸೀತುವನ್ನೊಮ್ಮೆ ನೋಡಿದಳು. ಆಮೇಲೆ ನಕ್ಕಳು ನೋಡಿ, ಜಾಲರಿ ಸೌಟು ಕೈಯಿಂದ ಜಾರುವಷ್ಟು. ತಿರುಗಿ ಕೊಡಲು ಪಾತ್ರೆಯೇ ಇಲ್ಲದ ಮೇಲೆ ಕ್ರಮ ತಪ್ಪುವುದಾದರೂ ಎಲ್ಲಿ? ಮರುದಿನದಿಂದ ಊರಿನವರ ಗೆರಟೆಯೆಲ್ಲ ಮಡಲ ಬುಟ್ಟಿಯಲ್ಲೇ ಬಂತು. ಆ ಸಿಲಿಂಡರ್ ಬೆಳಗಿನ ಚಾಕ್ಕೆ ಮಾತ್ರ ಉರಿಯುತ್ತ ತಿಂಗಳುಗಟ್ಟಲೆ ಬಾಳಿತು. ಅಂಗಡಿಯ ಬಾಗಿಲು ಬೀಳಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರುವುದು ಹೇಗೆ? ಭಾನುವಾರ ಬೇರೆ. ಕೆಳಗಿನ ಕಂಪೌಂಡಿನಲ್ಲಿ ಬಿದ್ದಿದ್ದ ಮಡಲು ತಂದು ನಾನೇ ಬುಟ್ಟಿ ಹೆಣೆಯಲು ಕುಳಿತೆ. ಎರಡು ಗಂಟೆ ಹಿಡಿಯಿತು. ಅರ್ಧ ರಾಶಿಯನ್ನು ಅದರಲ್ಲಿ ತುಂಬಿ, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಕಂಡಕ್ಟರನ ವಿಚಿತ್ರ ನೋಟ ಸಹಿಸಿಕೊಂಡು ಬಿಜೂರಿನಲ್ಲಿ ಇಳಿದೆ.

ಅಂಗಡಿಯಲ್ಲಿ ಬೆಂಚು ನಾಲ್ಕಾಗಿವೆ. ಕೂರಲು ಜಾಗವಿರಲಿಲ್ಲ.

"ಇದ್ ಬುಟ್ಟಿಯಾ ಟೀಚರೇ, ಕಾಕಿ ಗೂಡಾ?" ಎಂದಳು ಗಿರಿಜಕ್ಕ. ಗೆರಟೆಯನ್ನು ಒಲೆಯ ಪಕ್ಕ ಸುರಿದಳು. ಬುಟ್ಟಿಯನ್ನು ಮಾತ್ರ ಕೊಡವಿ, ಒಳಗೆ ಬಾಳೆಲೆ ಹಾಸಿ, ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆ ತುಂಬಿಸತೊಡಗಿದಳು.

"ಏ, ಅದು ಒಲೆಗೆ ಹಾಕುವ ಬುಟ್ಟಿ!" ಎಂದು ತಡೆದೆ.

"ಆಗ ನನ್ ಕೈಯಂಗ್ ಆತಿರ್ಲಿಲ್ಲೆ," ಎಂದಳು, ಇನ್ನೆರಡು ಬಜೆ ಮೇಲೆ ಹಾಕುತ್ತ. "ಈಗ ಆತ್ತ್. ಹಿಡ್ಕಣಿ."

ಎರಡೂ ಕೈ ಚಾಚಿ ಹಿಡಿದುಕೊಂಡೆ.