ಗರಗಸಕ್ಕೆ ರಬ್ಬರ್ ಚೆಂಡು

‘ಆ ಕಾಲದಲ್ಲಿ’ ಎಂದು ನಾನು ಶುರು ಮಾಡಿದರೆ ನೀವು ನಗಬಹುದು, ತೀರಾ ಹಿಂದಿನ ಮಾತೇನಲ್ಲ. ಮಲೆಬೆನ್ನೂರಿನ ಮನೆಮನೆಗೂ ಮೊಬೈಲು ಬಂದಿತ್ತು. ಆದರೆ ಕಾಲು ನೋವಿಗೊಂದು ಮಶೀನು ಎಂಬುದು ಆ ಮೊಬೈಲಿನೊಳಗಷ್ಟೇ ಇತ್ತು. ಶಾಲೆಯ ಖೋ ಖೋ ತಂಡದವರಾದ ನಮಗಿದ್ದ ಮದ್ದೆಂದರೆ ಬಿಸಿ ಎಣ್ಣೆ, ಜೊತೆಗೆ ಅಮ್ಮಂದಿರ ಬೈಗುಳ.

ಗದ್ದೆಗಳಲ್ಲಿ ನಾಟಿ ಮುಗಿದು ಊರಿಗೆಲ್ಲ ಹಸಿ ಕೆಸರಿನ ವಾಸನೆ ಹಬ್ಬುವ ಹೊತ್ತಿಗೆ ನಮ್ಮ ಪಂದ್ಯಗಳು ಶುರುವಾಗುತ್ತಿದ್ದವು. ಹಿಂದಿನ ವರ್ಷ ದಾವಣಗೆರೆಯಲ್ಲಿ ಬೆಳಿಗ್ಗೆ ಸೆಮಿಫೈನಲ್ ಗೆದ್ದಿದ್ದೆವು. ಮಧ್ಯಾಹ್ನದ ಫೈನಲ್ ಹೊತ್ತಿಗೆ ನಮ್ಮ ಕಾಲುಗಳು ಬಿಗಿದು ಕಟ್ಟಿಗೆಯಾಗಿದ್ದವು. ಸೋತೆವು. ನಮ್ಮ ಶಾಲೆಗೆ ಜಿಲ್ಲೆಯ ಕಪ್ಪು ಒಮ್ಮೆಯೂ ಬಂದಿರಲಿಲ್ಲ. ಅದೇ ಸಿಟ್ಟಿನಲ್ಲಿ ನಾನು ಇಡೀ ವರ್ಷ ಮುಖ ಊದಿಸಿಕೊಂಡಿದ್ದೆ.

ನಮ್ಮ ಅಬ್ಬಾ ಬಡಗಿ. ವಿದೇಶದ ಆಟಗಾರನೊಬ್ಬ ಪಿಸ್ತೂಲಿನಂಥ ಮಶೀನನ್ನು ತೊಡೆಗೆ ಒತ್ತಿಕೊಂಡು ಕೂತ ವಿಡಿಯೋವನ್ನು ಒಂದು ಸಂಜೆ ಅವರಿಗೆ ತೋರಿಸಿದೆ. ಅದರ ತುದಿಯ ಉಂಡೆ ಹಿಂದೆ ಮುಂದೆ ಟಕಟಕ ಬಡಿಯುತ್ತಿತ್ತು. ಅಬ್ಬಾ ಕನ್ನಡಕ ಮೇಲೇರಿಸಿ ನೋಡಿದರು.

“ಇದು ನಮ್ ಹಲಗೆ ಕೊಯ್ಯೋ ಮಶೀನೇ ಐತಲ್ಲ ಶಬ್ಬು. ಬ್ಲೇಡ್ ಒಂದು ಇಲ್ಲ, ಅಷ್ಟೇ.”

ಮರುದಿನ ಅಬ್ಬಾ ಹಿಂದೆ ಮುಂದೆ ಆಡುವ ಆ ಕೈಮಶೀನಿನ ಗರಗಸ ಬಿಚ್ಚಿ, ಆ ಜಾಗಕ್ಕೆ ಗಟ್ಟಿ ರಬ್ಬರ್ ಚೆಂಡೊಂದನ್ನು ಸಿಕ್ಕಿಸಿದರು. ಅದರ ಮೇಲೆ ಸೋಫಾದ ಫೋಮು, ಫೋಮಿನ ಮೇಲೆ ಕೆಂಪು ರೆಕ್ಸಿನ್ನು. ಮೊದಲ ಪರೀಕ್ಷೆ ಅವರ ತೊಡೆಯ ಮೇಲೇ ನಡೆಯಿತು. ಸ್ವಿಚ್ಚು ಒತ್ತಿದ್ದೇ ತಡ, ಗಡ್ಡವೂ ಸೇರಿ ಇಡೀ ಅಬ್ಬಾ ಅದುರತೊಡಗಿದರು.

“ಹಲ್ಲು ಉದುರಿದ್ರೆ ನಾನು ಆರಿಸಿಕೊಡಲ್ಲ ನೋಡ್ರಿ,” ಎಂದರು ಅಮ್ಮಿ, ಬಾಗಿಲಲ್ಲೇ ನಿಂತು.

ಆಮೇಲೆ ನನ್ನ ಮೀನಖಂಡದ ಸರದಿ. ಹಿಟ್ಟಿನ ಗಿರಣಿಯಂಥ ಸದ್ದು, ಕಾದ ಮೋಟಾರಿನ ವಾಸನೆ, ಸುತ್ತ ಮರದ ಹೊಟ್ಟು. ನಿಲ್ಲಿಸಿದಾಗ ಕಾಲು ಬೆಚ್ಚಗೆ, ಹಗುರಾಗಿ, ಬೇರೆ ಯಾರದೋ ಕಾಲಿನಂತಿತ್ತು. ಅಂದಿನಿಂದ ಪ್ರತಿ ಸಂಜೆ ಇಡೀ ತಂಡ ನಮ್ಮ ಶೆಡ್ಡಿನಲ್ಲಿ. ಹಲಗೆಯ ಮೇಲೆ ಸಾಲಾಗಿ ಕಾಲು ಚಾಚಿ, ಅಮ್ಮಿ ಕೊಟ್ಟ ಒಗ್ಗರಣೆ ಮಂಡಕ್ಕಿ ಮೆಲ್ಲುತ್ತ, “ಲೇ, ನಿಂದು ಮುಗೀತು, ಎದ್ದೇಳು” ಎಂದು ಜಗಳವಾಡುತ್ತಿದ್ದೆವು. ಗೆಳತಿ ರೇಣುಕಾಳನ್ನು ಕರೆದೊಯ್ಯಲು ಬಂದ ಅವಳ ಅವ್ವ, ನಾಟಿ ಮಾಡಿ ಬಗ್ಗಿದ್ದ ಬೆನ್ನನ್ನೂ ಒಮ್ಮೆ ಒಡ್ಡಿ ಕೂತರು. ಮಗಳನ್ನು ಮರೆತೇ ಮನೆಗೆ ಹೋದರು.

ಆ ವರ್ಷವೂ ದಾವಣಗೆರೆಯಲ್ಲಿ ಸೆಮಿಫೈನಲ್ ಗೆದ್ದೆವು. ಮಶೀನು ಹೊತ್ತು ಅಬ್ಬಾ ನಮ್ಮೊಂದಿಗೇ ಬಂದಿದ್ದರು. ಆದರೆ ಮೈದಾನದಲ್ಲಿ ಪ್ಲಗ್ಗೇ ಇಲ್ಲ. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಅಬ್ಬಾ ಸೀದಾ ರಸ್ತೆಯಾಚೆಯ ಮಿರ್ಚಿ ಬಜ್ಜಿ ಅಂಗಡಿಗೆ ನಡೆದರು.

“ಏನ್ರಿ ಸಾಬ್ರೇ, ನಮ್ ಬಾಗ್ಲು ಕೆತ್ತಾಕೆ ಬಂದ್ರಾ?” ಎಂದ ಅಂಗಡಿಯವನು.

“ಇಲ್ರಿ. ಹುಡುಗ್ಯಾರ ಕಾಲು ಕೆತ್ತಾಕೆ.”

ಅವನು ಗಿರಾಕಿಗಳನ್ನು ಎಬ್ಬಿಸಿ ಬೆಂಚು ಬಿಟ್ಟುಕೊಟ್ಟ. ಮಿರ್ಚಿ ಚೊರಗುಟ್ಟುವ ಸದ್ದಿನಲ್ಲಿ ನಮ್ಮ ಗಿರಣಿ ಶುರುವಾಯಿತು.

ಎದುರಾಳಿಗಳು ದಾವಣಗೆರೆಯ ದೊಡ್ಡ ಶಾಲೆಯವರು. ಅವರಲ್ಲಿ ವಿಡಿಯೋದಲ್ಲಿದ್ದಂಥದ್ದೇ ಕರಿ ಮಶೀನಿತ್ತು. ಹಿಂದಿನ ವರ್ಷ ನಮ್ಮ ಕೈಗೆ ಸಿಗದೆ ಓಡಿ ನಮ್ಮನ್ನು ಸೋಲಿಸಿದ ಸಿಂಚನಾಳೇ ಈಗ ಕ್ಯಾಪ್ಟನ್. ಅವಳು ಕುಂಟುತ್ತ ಅಂಗಡಿಗೆ ಬಂದಳು.

“ಅಂಕಲ್, ನಮ್ಮದು ಚಾರ್ಜ್ ಖಾಲಿಯಾಗಿದೆ. ನಂಗೂ ಒಂಚೂರು ಹಚ್ತೀರಾ?”

ನಾನು ಪ್ಲಗ್ಗಿನ ಮೇಲೆ ಕೈಯಿಟ್ಟೆ. “ಅಬ್ಬಾ, ಬ್ಯಾಡ. ಈಕಿ ಅವರ ಕ್ಯಾಪ್ಟನ್ನು.”

“ಹೌದಾ? ಹಂಗಾದ್ರೆ ಇನ್ನೂ ಚೆಂದಾಗಿ ಮಾಡ್ಬೇಕು,” ಎಂದರು ಅಬ್ಬಾ. ಆಮೇಲೆ ಮೆಲ್ಲಗೆ, “ಕುಂಟೋ ಹುಡುಗಿನ್ನ ಹಿಡಿದು ಗೆದ್ದೆ ಅಂತ ಮನೀಗೆ ಬಂದು ಹೆಂಗೆ ಹೇಳ್ತಿ ಬೇಟಾ? ಕೈ ತೆಗಿ.”

ತೆಗೆದೆ. ಆದರೆ ಅಬ್ಬಾ ಅವಳ ಮೀನಖಂಡಕ್ಕೆ ಮಶೀನು ಹಚ್ಚಿದಷ್ಟು ಹೊತ್ತೂ ನನ್ನ ಹೊಟ್ಟೆ ಅಲ್ಲಿನ ಒಲೆಗಿಂತ ಜೋರಾಗಿ ಉರಿಯುತ್ತಿತ್ತು.

ಫೈನಲ್‌ನಲ್ಲಿ ಕೊನೆಯ ಸರದಿ ಬೆನ್ನಟ್ಟುವುದು ನಮ್ಮದು. ಅಂಕ ಸಮ. ಸಿಂಚನಾ ಒಬ್ಬಳು ಸಿಕ್ಕರೆ ಕಪ್ಪು ನಮ್ಮದು. ಅವಳು ಎಂಥಾ ಓಟ ಓಡಿದಳೆಂದರೆ, ಅಬ್ಬಾನ ಮೇಲಿನ ಸಿಟ್ಟು ನನ್ನ ನೆತ್ತಿಗೇರಿತು. ರೇಣುಕಾ ಬೆನ್ನ ಹಿಂದೆ “ಖೋ” ಎಂದಳು. ಎದ್ದೆ. ಕಾಲು ಬಿಗಿಯಲಿಲ್ಲ, ಮಾತು ಕೇಳಿತು. ಸಿಂಚನಾ ಕಂಬ ಸುತ್ತಿ ಹೊರಳುವಾಗ ಕಂಬ ಹಿಡಿದು ಮೈಯೆಲ್ಲ ಚಾಚಿ ಹಾರಿದೆ. ಅಬ್ಬಾ ಸಡಿಲಿಸಿದ್ದ ಅವಳ ಅದೇ ಮೀನಖಂಡಕ್ಕೆ ನನ್ನ ಬೆರಳು ತಾಗಿತು. ಸೀಟಿ ಕೂಗಿತು.

ಬಾಯಲ್ಲಿ ಮಣ್ಣು, ಮೇಲೆ ಇಡೀ ತಂಡ. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ. ಪಕ್ಕದಲ್ಲೇ ಬಿದ್ದಿದ್ದ ಸಿಂಚನಾ ಏದುಸಿರಿನಲ್ಲೇ ನಕ್ಕಳು. “ಕಾಲು ನೋವಿತ್ತು ಅಂತ ನೆಪ ಹೇಳೋಕೂ ಬಿಡಲಿಲ್ಲ ಕಣೇ ನಿಮ್ಮಪ್ಪ.”

ಮಿರ್ಚಿ ಅಂಗಡಿಯವನು ಎರಡೂ ತಂಡಕ್ಕೆ ಮಂಡಕ್ಕಿ ಕಳಿಸಿದ. ಮರುದಿನ ಅಬ್ಬಾ ಚೆಂಡು ಕಿತ್ತು ಬ್ಲೇಡು ಹಾಕಿದರು, ಯಾರದೋ ಮನೆಯ ಕಪಾಟು ಕಾಯುತ್ತಿತ್ತು.

ಈಗ ನಾನು ವಿಶ್ವವಿದ್ಯಾಲಯದ ತಂಡದಲ್ಲಿದ್ದೇನೆ. ನನ್ನದೇ ಮಶೀನಿದೆ. ಸದ್ದಿಲ್ಲ, ಚಾರ್ಜು ಬೇಗ ಇಳಿಯುವುದಿಲ್ಲ. ಎಲ್ಲರ ಬ್ಯಾಗಿನಲ್ಲೂ ಒಂದೊಂದಿದೆ, ಯಾರೂ ಯಾರನ್ನೂ ಕೇಳಬೇಕಿಲ್ಲ. ಅವರವರ ಮೂಲೆಯಲ್ಲಿ ಅವರವರ ಕಾಲು. ಗೆಲ್ಲುವುದಂತೂ ಇದ್ದೇ ಇದೆ. ಆದರೆ ಎದುರು ತಂಡದ ಕಾಲೊಂದು ನಮ್ಮ ಬೆಂಚಿನ ಮೇಲೆ ಚಾಚಿಕೊಂಡಿದ್ದನ್ನು ಆಮೇಲೆ ನಾನು ನೋಡಿಲ್ಲ.